ನವೋದಯ ಆರನೇ ತರಗತಿ: ಮೂರನೇ ತರಗತಿ ಪಟ್ಟಣದಲ್ಲಿ ಓದಿದವಳಿಗೆ ಗ್ರಾಮೀಣ ಕೋಟಾ ಸಿಗುತ್ತದೆಯೇ?

ಪ್ರಶ್ನೆ: ನಾವು ಶಿಕಾರಿಪುರ ತಾಲ್ಲೂಕಿನ ಹಳ್ಳಿಯವರು. ಮಗಳು ಹುಟ್ಟಿದ್ದು 2016ರ ಜೂನ್‌ನಲ್ಲಿ, 2025–26ರಲ್ಲಿ ನಮ್ಮೂರ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಮೂರನೆಯವರೆಗೆ ಶಿಕಾರಿಪುರದ ಕಾನ್ವೆಂಟಿಗೆ ವ್ಯಾನಿನಲ್ಲಿ ಹೋಗಿಬರುತ್ತಿದ್ದಳು. ಲೆಕ್ಕದಲ್ಲಿ ಬಲು ಚುರುಕು, ಗಾಜನೂರಿನ ನವೋದಯಕ್ಕೆ ಸೇರಿಸುವ ಆಸೆ ಇದೆ. ಐದನೇ ತರಗತಿಗೆ ಹಿರೇಕೆರೂರು ತಾಲ್ಲೂಕಿನ ಅಜ್ಜಿ ಮನೆಯಲ್ಲಿ ಬಿಟ್ಟು, ಅಲ್ಲಿಯ ಶಾಲೆಗೂ ಕೋಚಿಂಗಿಗೂ ಸೇರಿಸೋಣ ಎಂದುಕೊಂಡಿದ್ದೇವೆ. ಅವಳಿಗೆ ಗ್ರಾಮೀಣ ಕೋಟಾ ಸಿಗುತ್ತದೆಯೇ? ತಯಾರಿ ಎಲ್ಲಿಂದ ಶುರುಮಾಡಬೇಕು?

ಉತ್ತರ: ಮೊದಲು ಅಜ್ಜಿ ಮನೆಯ ಯೋಜನೆ ಕೈಬಿಡಿ. ಉಳಿದದ್ದೆಲ್ಲ ಆಮೇಲೆ.

ನವೋದಯ ಕೇಂದ್ರ ಸರ್ಕಾರದ ವಸತಿ ಶಾಲೆ; ಅದರ ಪ್ರವೇಶ ಜಿಲ್ಲೆಯ ಲೆಕ್ಕದಲ್ಲಿ ನಡೆಯುತ್ತದೆ. ಮಗು ಯಾವ ಜಿಲ್ಲೆಯಲ್ಲಿ ಐದನೇ ತರಗತಿ ಓದುತ್ತಿದೆಯೋ ಆ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ ಹಾಕಬಹುದು. ಜತೆಗೆ ಅದೇ ಜಿಲ್ಲೆಯ ನಿವಾಸಿಯೂ ಆಗಿರಬೇಕು. ಹಿರೇಕೆರೂರು ಇರುವುದು ಹಾವೇರಿ ಜಿಲ್ಲೆಯಲ್ಲಿ. ಅಲ್ಲಿ ಐದನೇ ತರಗತಿಗೆ ಸೇರಿಸಿದ ದಿನವೇ ಗಾಜನೂರಿನ ಬಾಗಿಲು ಮುಚ್ಚಿತು, ಏಕೆಂದರೆ ಅದು ಶಿವಮೊಗ್ಗ ಜಿಲ್ಲೆಯ ಶಾಲೆ. ಹಾವೇರಿಯ ನವೋದಯಕ್ಕೇ ಹಾಕುತ್ತೇವೆ ಎಂದರೆ, ದಾಖಲಾತಿಯ ಹೊತ್ತಿಗೆ ತಂದೆ ತಾಯಿಯ ವಾಸಸ್ಥಳದ ದಾಖಲೆ ಕೇಳುತ್ತಾರೆ. ನಿಮ್ಮದು ಶಿವಮೊಗ್ಗ ಜಿಲ್ಲೆಯದು. ಪರೀಕ್ಷೆಯಲ್ಲಿ ಪಾಸಾಗಿ, ಪಟ್ಟಿಯಲ್ಲಿ ಹೆಸರು ಬಂದ ಮೇಲೆ, ಕಾಗದ ನೋಡುವ ಮೇಜಿನ ಮುಂದೆ ಸೀಟು ಹೋಗುವುದು ಹೀಗೆಯೇ. ಹೊಸದಾಗಿ ರಚನೆಯಾಗಿ ಇನ್ನೂ ತನ್ನದೇ ನವೋದಯ ಇಲ್ಲದ ಜಿಲ್ಲೆಗೆ ಮಾತ್ರ ಹಳೆಯ ಜಿಲ್ಲೆಯ ಗಡಿಯನ್ನೇ ಲೆಕ್ಕಕ್ಕೆ ಹಿಡಿಯುವ ವಿನಾಯಿತಿ ಇದೆ. ನಿಮಗೆ ಅದು ಅನ್ವಯಿಸುವುದಿಲ್ಲ. ಐದನೇ ತರಗತಿಯನ್ನು ನಿಮ್ಮೂರಲ್ಲೇ ಪೂರ್ತಿ ಓದಲಿ.

ಇನ್ನು ಗ್ರಾಮೀಣ ಕೋಟಾ. ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇ 75, ಅಂದರೆ 60 ಸೀಟು ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಎಂದರೆ ಮನೆ ಹಳ್ಳಿಯಲ್ಲಿದ್ದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ನೋಡುವುದು ಮನೆಯನ್ನಲ್ಲ, ಶಾಲೆಯನ್ನು. ಮೂರು, ನಾಲ್ಕು, ಐದು, ಈ ಮೂರೂ ತರಗತಿಗಳನ್ನು ಮಗು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಪೂರ್ಣ ಅವಧಿ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ನಗರದ ಅಭ್ಯರ್ಥಿ ಎಂದೇ ಪರಿಗಣನೆ. ನಿಯಮ ಅಷ್ಟು ಬಿಗಿ.

ಹಾಗಾದರೆ ನಿಮ್ಮ ಮಗಳು ನಗರದ ಅಭ್ಯರ್ಥಿಯೇ? ಬಹುಶಃ ಹೌದು. ಆದರೆ ಅದನ್ನು ಒಪ್ಪಿಕೊಳ್ಳುವ ಮುನ್ನ ಒಂದು ಕೆಲಸ ಮಾಡಿ. ಪಟ್ಟಣದ ಹೆಸರಿನಲ್ಲಿ ನಡೆಯುವ ಎಷ್ಟೋ ಕಾನ್ವೆಂಟುಗಳು ಊರ ಹೊರಗೆ, ಪಕ್ಕದ ಗ್ರಾಮ ಪಂಚಾಯಿತಿಯ ಜಮೀನಿನಲ್ಲಿ ಇರುತ್ತವೆ. ನಿಮ್ಮ ಮಗಳು ಓದಿದ ಕಾನ್ವೆಂಟು ಶಿಕಾರಿಪುರ ಪುರಸಭೆಯ ಗಡಿಯೊಳಗೆ ಇದೆಯೋ ಹೊರಗೆ ಇದೆಯೋ ವಿಚಾರಿಸಿ. ಕಂದಾಯವನ್ನು ಪುರಸಭೆಗೆ ಕಟ್ಟುತ್ತಾರೋ ಪಂಚಾಯಿತಿಗೋ ಎಂದು ಕೇಳಿದರೆ ಗೊತ್ತಾಗುತ್ತದೆ. ಶಾಲೆಯ ಯು-ಡೈಸ್ (ದೇಶದ ಶಾಲೆಗಳ ಮಾಹಿತಿ ಸಂಗ್ರಹ) ದಾಖಲೆಯಲ್ಲೂ ಗ್ರಾಮೀಣ ಅಥವಾ ನಗರ ಎಂದು ನಮೂದಾಗಿರುತ್ತದೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ನೋಡಿಸಿಕೊಳ್ಳಬಹುದು. ಗಡಿಯ ಹೊರಗಿದ್ದರೆ ನಿಮ್ಮ ಮಗಳು ಗ್ರಾಮೀಣ ಅಭ್ಯರ್ಥಿ. ಇದರ ತಿರುವುಮುರುವೂ ಆಗುತ್ತದೆ: ನಿನ್ನೆಮೊನ್ನೆಯವರೆಗೆ ಹಳ್ಳಿಯಾಗಿದ್ದ ಊರು ಪಟ್ಟಣ ಪಂಚಾಯಿತಿಯಾಗಿ ಮೇಲೇರಿದ್ದರೆ, ಅರ್ಜಿ ಹಾಕುವ ದಿನಕ್ಕೆ ಸರ್ಕಾರದ ಅಧಿಸೂಚನೆಯಲ್ಲಿ ಏನಿದೆಯೋ ಅದೇ ಲೆಕ್ಕ.

ಗಡಿಯೊಳಗೇ ಇದ್ದರೆ ಉಳಿಯುವುದು 20 ಸೀಟು. ಇವು ನಗರದ ಮಕ್ಕಳಿಗೆಂದು ಕಾಯ್ದಿಟ್ಟ ಸೀಟುಗಳೂ ಅಲ್ಲ, ಎಲ್ಲರಿಗೂ ಮುಕ್ತ. ಹೆಚ್ಚು ಅಂಕ ತೆಗೆದ ಹಳ್ಳಿ ಮಕ್ಕಳೂ ಇದರೊಳಗೆ ಬರುತ್ತಾರೆ, ಪರಿಶಿಷ್ಟರ ಮತ್ತು ಒಬಿಸಿ (ಇತರೆ ಹಿಂದುಳಿದ ವರ್ಗ) ಮೀಸಲಾತಿ ಇದರೊಳಗೂ ನಡೆಯುತ್ತದೆ. ಒಟ್ಟು ಸೀಟಿನಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಇರಬೇಕೆಂಬ ನಿಯಮ ನಿಮ್ಮ ಮಗಳಿಗೆ ಸ್ವಲ್ಪ ಆಸರೆ. ದಾರಿ ಇಕ್ಕಟ್ಟು, ಆದರೆ ಇದೆ.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಹೇಳಲೇಬೇಕು. ‘ಮೂರನೇ ತರಗತಿಗೂ ಹಳ್ಳಿ ಶಾಲೆಯದೇ ವ್ಯಾಸಂಗ ಪ್ರಮಾಣಪತ್ರ ಮಾಡಿಸಿಕೊಡುತ್ತೇವೆ’ ಎನ್ನುವವರು ಸಿಗುತ್ತಾರೆ. ಮಗುವಿನ ಹೆಸರು ಯಾವ ವರ್ಷ ಯಾವ ಶಾಲೆಯಲ್ಲಿತ್ತು ಎಂಬುದು ಶಿಕ್ಷಣ ಇಲಾಖೆಯ ಸ್ಯಾಟ್ಸ್ ಎಂಬ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ ಇರುತ್ತದೆ. ಮಾಹಿತಿ ಸುಳ್ಳೆಂದು ಗೊತ್ತಾದರೆ ಆಯ್ಕೆಯೇ ರದ್ದು. ಅದರ ಪೆಟ್ಟು ಬೀಳುವುದು ಮಗುವಿನ ಮೇಲೆ.

ಕೋಚಿಂಗ್ ಬಗ್ಗೆಯೂ ಇದೇ ಎಚ್ಚರ ಬೇಕು. ವಸತಿ ಸಹಿತ ನವೋದಯ ಕೋಚಿಂಗ್ ಎಂದು ಮಗುವನ್ನು ಕರೆಸಿಕೊಂಡು, ಟಿಸಿ ತರಿಸಿ ಪಟ್ಟಣದ ಯಾವುದೋ ಶಾಲೆಗೆ ಹೆಸರು ಸೇರಿಸುವುದು ಸಾಮಾನ್ಯ. ಅಪ್ಪಟ ಹಳ್ಳಿಯ ಮಗು ಅಲ್ಲಿಗೆ ಗ್ರಾಮೀಣ ಕೋಟಾ ಕಳೆದುಕೊಂಡಿತು. ಶಾಲೆ ಬೇರೆ ಜಿಲ್ಲೆಯದಾದರೆ ಸ್ವಂತ ಜಿಲ್ಲೆಯನ್ನೂ ಕಳೆದುಕೊಂಡಿತು. ಸಂಜೆ ಹೊತ್ತು ಹೋಗಿಬರುವ ಟ್ಯೂಷನ್‌ನಿಂದ ತೊಂದರೆಯಿಲ್ಲ, ಶಾಲೆಯ ದಾಖಲಾತಿ ಮಾತ್ರ ಕದಲಬಾರದು. ಸೀಟು ಗ್ಯಾರಂಟಿ ಎಂದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅರ್ಜಿಗೆ ಶುಲ್ಕವೇ ಇಲ್ಲದ ಪರೀಕ್ಷೆ ಇದು.

ವಯಸ್ಸಿನ ವಿಷಯದಲ್ಲಿ ನಿಮಗೆ ಆತಂಕ ಬೇಡ. 2026–27ರ ಪ್ರವೇಶಕ್ಕೆ 2014ರ ಮೇ 1ರಿಂದ 2016ರ ಜುಲೈ 31ರೊಳಗೆ ಹುಟ್ಟಿದವರಿಗೆ ಅವಕಾಶವಿತ್ತು. ವರ್ಷಕ್ಕೊಂದು ವರ್ಷ ಮುಂದೆ ಸರಿಯುತ್ತ ಬಂದಿರುವ ಲೆಕ್ಕವಿದು. ನಿಮ್ಮ ಮಗಳು ಸೇರಬೇಕಾದ 2027–28ಕ್ಕೆ ಅದೇ ಕ್ರಮ ಮುಂದುವರಿದರೆ 2016ರ ಜೂನ್ ನಡುಮಧ್ಯೆ ಬರುತ್ತದೆ. ಅಧಿಸೂಚನೆ ಬಂದಾಗ ತಾರೀಕನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಿ. ಈ ಮಿತಿಯಲ್ಲಿ ಯಾವ ವರ್ಗಕ್ಕೂ ಸಡಿಲಿಕೆ ಇಲ್ಲ. ಇನ್ನೊಂದು ಮಾತು: ಆರನೇ ತರಗತಿಯ ಈ ಪರೀಕ್ಷೆಯನ್ನು ಒಂದು ಮಗು ಜೀವನದಲ್ಲಿ ಒಮ್ಮೆ ಮಾತ್ರ ಬರೆಯಬಹುದು. ಮುಂದಿನ ವರ್ಷ ಮತ್ತೆ ನೋಡೋಣ ಎಂದು ಐದನೇ ತರಗತಿಯಲ್ಲೇ ಮತ್ತೊಂದು ವರ್ಷ ಕೂರಿಸುವ ಉಪಾಯ ನಡೆಯುವುದಿಲ್ಲ.

ಅರ್ಜಿ ಹಾಕುವುದು ಐದನೇ ತರಗತಿಗೆ ಕಾಲಿಟ್ಟ ಮೇಲೆ. 2026–27ರ ಪ್ರವೇಶಕ್ಕೆ 2025ರ ಜೂನ್ ಹೊತ್ತಿಗೆ ಅರ್ಜಿ ಶುರುವಾಗಿ, ಕರ್ನಾಟಕದಲ್ಲಿ 2025ರ ಡಿಸೆಂಬರ್ 13ರಂದು ಪರೀಕ್ಷೆ ನಡೆಯಿತು. ಅದಕ್ಕೂ ಹಿಂದಿನ ಸಾಲಿನ ಪರೀಕ್ಷೆ 2025ರ ಜನವರಿ 18ರಂದು ಆಗಿತ್ತು. ಕೊನೆಯ ದಿನಾಂಕ ಮುಂದೂಡಿದ್ದೂ ಉಂಟು, ಅದನ್ನು ನಂಬಿ ಕೂರಬೇಡಿ. ನವೋದಯ ವಿದ್ಯಾಲಯ ಸಮಿತಿಯ ಜಾಲತಾಣದಿಂದ ಪ್ರಮಾಣಪತ್ರದ ನಮೂನೆ ಇಳಿಸಿಕೊಂಡು, ಫೋಟೊ ಅಂಟಿಸಿ, ಮಗುವಿನ ಮತ್ತು ಪೋಷಕರ ಸಹಿ ಹಾಕಿ, ಮುಖ್ಯ ಶಿಕ್ಷಕರ ಸಹಿ ಮೊಹರು ಹಾಕಿಸಬೇಕು. ಆ ಹಾಳೆ, ಫೋಟೊ, ಸಹಿಗಳು ಎಲ್ಲವನ್ನೂ 10ರಿಂದ 100 ಕೆಬಿ ಒಳಗಿನ ಜೆಪಿಜಿ ಮಾಡಿ ಏರಿಸಬೇಕು. ಫೋನಿನಲ್ಲಿ ತೆಗೆದ ಚಿತ್ರ ಎರಡು ಮೂರು ಎಂಬಿ ಇರುತ್ತದೆ. ಅದನ್ನು ಅಷ್ಟು ಚಿಕ್ಕದು ಮಾಡುವಾಗ ಮೊಹರಿನ ಅಕ್ಷರ ಮಸುಕಾಗದಂತೆ ನೋಡಿಕೊಳ್ಳಿ. ಸೈಬರ್‌ನವರ ಕೈಗೆ ಕೊಟ್ಟು ಹೊರಗೆ ಟೀ ಕುಡಿಯಲು ಹೋಗುವ ಕೆಲಸವಲ್ಲ ಇದು. ಅವರು ಟೈಪ್ ಮಾಡುವಾಗ ಪಕ್ಕದಲ್ಲಿ ಕೂತು ಐದು ಕಡೆ ಬೆರಳಿಟ್ಟು ನೋಡಿ: ಲಿಂಗ, ವರ್ಗ, ಗ್ರಾಮೀಣ ಅಥವಾ ನಗರ, ಅಂಗವೈಕಲ್ಯ, ಪರೀಕ್ಷೆಯ ಮಾಧ್ಯಮ. ಅರ್ಜಿ ಮುಗಿದ ಮೇಲೆ ಕೆಲವು ದಿನ ತಿದ್ದುಪಡಿಗೆ ಕಿಟಕಿ ತೆರೆಯುವುದು ಈ ಐದಕ್ಕೇ. ಉಳಿದ ತಪ್ಪು ಹಾಗೇ ಉಳಿಯುತ್ತದೆ.

ವರ್ಗದ ಕಾಲಂನಲ್ಲಿ ನಮ್ಮ ರಾಜ್ಯದವರು ಎಡವುವುದು ಒಬಿಸಿ ವಿಷಯದಲ್ಲಿ. ನವೋದಯಕ್ಕೆ ಲೆಕ್ಕ ಕೇಂದ್ರ ಸರ್ಕಾರದ ಒಬಿಸಿ ಪಟ್ಟಿ. ನಾಡಕಚೇರಿಯಲ್ಲಿ ಮಾಮೂಲಾಗಿ ಸಿಗುವ 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ ಬಳಕೆಗೆ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ, ಯಾವ ಹೆಸರಿನಲ್ಲಿದೆ ಎಂದು ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಬೇರೆ ಪ್ರಮಾಣಪತ್ರ ಮಾಡಿಸಿ. ಇಲ್ಲದಿದ್ದರೆ ಅರ್ಜಿಯಲ್ಲಿ ಸಾಮಾನ್ಯ ವರ್ಗ ಎಂದೇ ಹಾಕಬೇಕು.

ಮಾಧ್ಯಮದ ಆಯ್ಕೆಗೂ ಸ್ವಲ್ಪ ಯೋಚನೆ ಬೇಕು. ಇಡೀ ಪ್ರಶ್ನೆಪತ್ರಿಕೆ ನೀವು ಆರಿಸಿದ ಭಾಷೆಯಲ್ಲೇ ಬರುತ್ತದೆ. ನಿಮ್ಮ ಮಗಳು ಮೂರು ವರ್ಷ ಕಾನ್ವೆಂಟಿನಲ್ಲಿ ಇಂಗ್ಲಿಷ್ ಓದಿದವಳು, ಈಗ ಕನ್ನಡ ಶಾಲೆಯಲ್ಲಿದ್ದಾಳೆ. ಯಾವುದರಲ್ಲಿ ಬರೆಯಬೇಕು? ಅವಳು ತಾನಾಗಿ ಕೈಗೆತ್ತಿಕೊಂಡು ಓದುವ ಕಥೆಪುಸ್ತಕ ಯಾವ ಭಾಷೆಯದೋ ಅದರಲ್ಲಿ. ಕನ್ನಡ ಎಂದಾದರೆ ಅಪವರ್ತನ, ಅಪವರ್ತ್ಯ, ಲ.ಸಾ.ಅ. (ಎಲ್‌ಸಿಎಂ), ಮ.ಸಾ.ಅ. (ಎಚ್‌ಸಿಎಫ್), ಸುತ್ತಳತೆ, ವಿಸ್ತೀರ್ಣ ಎಂಬ ಮಾತುಗಳನ್ನು ಈಗಿನಿಂದಲೇ ರೂಢಿ ಮಾಡಿಸಿ. ಲೆಕ್ಕ ಗೊತ್ತಿದ್ದೂ ಪದ ಗೊತ್ತಾಗದೆ ಅಂಕ ಹೋಗುವುದು ಕಾನ್ವೆಂಟಿನಿಂದ ಬಂದ ಮಕ್ಕಳಿಗೆ ಆಗುವಂಥದ್ದು.

ಈಗ ಪರೀಕ್ಷೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ, ಒಂದೊಂದಕ್ಕೆ ಒಂದೂಕಾಲು ಅಂಕ. ಬೆಳಿಗ್ಗೆ 11.30ರಿಂದ 1.30. ಮೊದಲ 40 ಪ್ರಶ್ನೆ ಮಾನಸಿಕ ಸಾಮರ್ಥ್ಯ, ನಂತರ 20 ಅಂಕಗಣಿತ, ಕೊನೆಯ 20 ಭಾಷೆ. ಮಗಳು ಲೆಕ್ಕದಲ್ಲಿ ಚುರುಕು ಎಂದಿರಿ. ಸಂತೋಷ, ಆದರೆ ಲೆಕ್ಕಕ್ಕೆ ಇರುವುದು 25 ಅಂಕ. ಒಟ್ಟು ಅಂಕದಲ್ಲಿ ಅರ್ಧ, ಅಂದರೆ 50, ಮಾನಸಿಕ ಸಾಮರ್ಥ್ಯದ ಚಿತ್ರಗಳಿಗೆ. ಶಾಲೆಯ ಯಾವ ಪಾಠದಲ್ಲೂ ಇಲ್ಲದ, ಆದರೆ ಅಭ್ಯಾಸದಿಂದ ಎಲ್ಲಕ್ಕಿಂತ ಬೇಗ ಸುಧಾರಿಸುವ ಭಾಗವೂ ಅದೇ. ಆದ್ದರಿಂದ ಶುರು ಅಲ್ಲಿಂದ.

ಈ ವಿಭಾಗದಲ್ಲಿ ಹತ್ತು ಬಗೆ, ಬಗೆಗೆ ನಾಲ್ಕು ಪ್ರಶ್ನೆ: ಗುಂಪಿಗೆ ಸೇರದ ಚಿತ್ರ, ಅದೇ ಚಿತ್ರವನ್ನು ಹುಡುಕುವುದು, ವಿನ್ಯಾಸ ಪೂರ್ಣಗೊಳಿಸುವುದು, ಚಿತ್ರಸರಣಿ, ಸಾದೃಶ್ಯ, ಜ್ಯಾಮಿತೀಯ ಆಕೃತಿ ಪೂರ್ಣಗೊಳಿಸುವುದು, ಕನ್ನಡಿ ಬಿಂಬ, ಮಡಿಸಿ ತೂತು ಮಾಡಿದ ಕಾಗದ, ತುಂಡುಗಳನ್ನು ಜೋಡಿಸುವುದು, ಅಡಗಿದ ಚಿತ್ರ. ಮಾರುಕಟ್ಟೆಯ ದಪ್ಪ ಗೈಡ್ ತಂದು ಮೊದಲ ದಿನವೇ ನಲವತ್ತು ಚಿತ್ರ ಮಾಡಿಸಲು ಹೋದರೆ ಮಗು ಊಹೆ ಮಾಡುವುದನ್ನು ಕಲಿಯುತ್ತದೆ. ಮೊದಲು ಕೈಯಲ್ಲಿ ಮಾಡಿ ನೋಡಲಿ.

ಹಳೇ ಪೇಪರಿನಿಂದ ಒಂದು ಚೌಕ ಕತ್ತರಿಸಿ. ಮೇಲರ್ಧವನ್ನು ಕೆಳಕ್ಕೆ ಮಡಿಸಿ, ಆಮೇಲೆ ಎಡಭಾಗವನ್ನು ಬಲಕ್ಕೆ ಮಡಿಸಿ. ಈಗ ಕೈಯಲ್ಲಿ ನಾಲ್ಕು ಪದರದ ಪುಟ್ಟ ಚೌಕ. ಅದರ ಮೇಲಿನ ಎಡಮೂಲೆಯ ಹತ್ತಿರ ಒಂದು ತೂತು ಮಾಡಿ, ಬಿಚ್ಚುವ ಮುಂಚೆ ಕೇಳಿ: ಎಷ್ಟು ತೂತು, ಎಲ್ಲಿ? ಬಿಚ್ಚಿದರೆ ನಾಲ್ಕು, ಹಾಳೆಯ ನಡುಮಧ್ಯದ ಸುತ್ತ. ಕೆಳಗಿನ ಬಲಮೂಲೆಯ ಹತ್ತಿರ ಮಾಡಿದ್ದರೆ? ಆಗಲೂ ನಾಲ್ಕೇ, ಆದರೆ ಹಾಳೆಯ ನಾಲ್ಕು ಮೂಲೆಗೆ ಒಂದೊಂದು. ತೂತಿನ ಸಂಖ್ಯೆ ಹೇಳುವುದು ಪದರ, ಜಾಗ ಹೇಳುವುದು ಮಡಿಕೆ. ಪ್ರತಿ ಮಡಿಕೆಯ ಗೆರೆಯೂ ಒಂದು ಕನ್ನಡಿ ಇದ್ದಂತೆ. ಹದಿನೈದು ಹಾಳೆ ಹರಿದ ಮೇಲೆ ಮಗುವಿಗೆ ಮಡಿಸದೆಯೇ ಕಾಣತೊಡಗುತ್ತದೆ. ಮಕ್ಕಳು ಇಲ್ಲಿ ತಪ್ಪುವುದು ಬಿಚ್ಚುವ ಕ್ರಮದಲ್ಲಿ. ಕೊನೆಗೆ ಮಡಿಸಿದ್ದನ್ನು ಮೊದಲು ಬಿಚ್ಚಬೇಕು.

ಕನ್ನಡಿ ಬಿಂಬಕ್ಕೂ ಅಷ್ಟೇ, ಒಂದು ಪುಟ್ಟ ಕನ್ನಡಿ ಸಾಕು. ಕನ್ನಡಿ ಪಕ್ಕದಲ್ಲಿದ್ದಾಗ ಎಡ ಬಲ ಅದಲುಬದಲು, ಮೇಲೆ ಕೆಳಗೆ ಇದ್ದಂತೆಯೇ. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಎ, ಎಚ್, ಐ, ಎಂ, ಓ, ಟಿ, ಯು, ವಿ, ಡಬ್ಲ್ಯು, ಎಕ್ಸ್, ವೈ ಈ ಹನ್ನೊಂದು ಪಕ್ಕದ ಕನ್ನಡಿಯಲ್ಲಿ ಬದಲಾಗುವುದಿಲ್ಲ. ಆದರೆ ಪದದಲ್ಲಿ ಅಕ್ಷರಗಳ ಸಾಲು ತಿರುಗುತ್ತದೆ: ಟಿ-ಓ-ಎಂ ಇದ್ದದ್ದು ಎಂ-ಓ-ಟಿ ಆಗುತ್ತದೆ. ಗುಂಪಿಗೆ ಸೇರದ ಚಿತ್ರದಲ್ಲೂ ಇದೇ ಕಣ್ಣು ಕೆಲಸಕ್ಕೆ ಬರುತ್ತದೆ. ಅನೇಕ ಬಾರಿ ಮೂರು ಚಿತ್ರಗಳು ಒಂದೇ ಚಿತ್ರ ಗಿರ್ರನೆ ತಿರುಗಿದ್ದು, ನಾಲ್ಕನೆಯದು ಮಾತ್ರ ಕನ್ನಡಿಯದ್ದು. ಪ್ರಶ್ನೆ ಪುಸ್ತಿಕೆಯನ್ನೇ ಮೆಲ್ಲಗೆ ತಿರುಗಿಸಿ ನೋಡುವುದು ತಪ್ಪಲ್ಲ ಎಂದು ಮಗುವಿಗೆ ಹೇಳಿಕೊಡಿ. ಎಷ್ಟೋ ಮಕ್ಕಳು ಹೆದರಿ ಹಾಗೇ ಕೂತಿರುತ್ತವೆ.

ಅಂಕಗಣಿತದಲ್ಲಿ ಐದನೇ ತರಗತಿಯ ಪುಸ್ತಕ ಸಾಲುವುದಿಲ್ಲ. ಅಧಿಸೂಚನೆಯ ಪಠ್ಯಕ್ರಮ ನೋಡಿ, ಲಾಭ-ನಷ್ಟದಂಥ ಭಾಗಗಳನ್ನು ಪ್ರತ್ಯೇಕವಾಗಿ ಕಲಿಸಬೇಕು. ಅದಕ್ಕಿಂತ ಮುಖ್ಯವಾದದ್ದು ಆಯ್ಕೆಗಳ ಹೊಂಚು. ‘6, 8, 12ರಿಂದ ಭಾಗಿಸಿದಾಗ ಪ್ರತಿಸಲವೂ 5 ಶೇಷ ಉಳಿಯುವ ಅತಿ ಚಿಕ್ಕ ಸಂಖ್ಯೆ ಯಾವುದು’ ಎಂಬ ಲೆಕ್ಕ ತೆಗೆದುಕೊಳ್ಳಿ. ಭಾಗಿಸಿ 5 ಉಳಿಯಬೇಕಾದ್ದರಿಂದ 5 ಅನ್ನೇ ಹೇಳಬಹುದು ಎಂಬ ತಕರಾರು ಬರದಂತೆ ಒಳ್ಳೆಯ ಪ್ರಶ್ನೆಯಲ್ಲಿ ‘12ಕ್ಕಿಂತ ದೊಡ್ಡ’ ಎಂದಿರುತ್ತದೆ. ಲ.ಸಾ.ಅ. 24, ಅದಕ್ಕೆ 5 ಕೂಡಿಸಿ 29. ಆಯ್ಕೆಗಳಲ್ಲಿ 24 ಇದ್ದೇ ಇರುತ್ತದೆ, 19 ಕೂಡ. ಅರ್ಧ ದಾರಿಯಲ್ಲಿ ನಿಂತ ಮಗು 24ಕ್ಕೆ, ಕೂಡುವ ಬದಲು ಕಳೆದ ಮಗು 19ಕ್ಕೆ ಚುಕ್ಕಿ ತುಂಬುತ್ತದೆ. ತಪ್ಪಾದ ಪ್ರತಿ ಲೆಕ್ಕದ ಪಕ್ಕ ಯಾಕೆ ತಪ್ಪಾಯಿತು ಎಂದು ಎರಡು ಪದ ಬರೆಸಿ: ಅಳತೆಮಾನ, ಓದುವ ಆತುರ, ಕೂಡುವಿಕೆ. ತಿಂಗಳಾಗುವಷ್ಟರಲ್ಲಿ ಅವಳ ದೌರ್ಬಲ್ಯ ಯಾವುದೆಂದು ಆ ಪುಸ್ತಕವೇ ಹೇಳುತ್ತದೆ.

ಭಾಷಾ ವಿಭಾಗದಲ್ಲಿ ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ನಮ್ಮ ಭಾಷೆ ತಾನೇ ಎಂದು ಇದನ್ನು ಬಿಟ್ಟುಬಿಡುವುದೇ ದೊಡ್ಡ ತಪ್ಪು. ಇದಕ್ಕೂ ಲೆಕ್ಕದಷ್ಟೇ 25 ಅಂಕ. ಉತ್ತರ ಗದ್ಯದೊಳಗಿಂದಲೇ ಬರಬೇಕು, ತನಗೆ ಗೊತ್ತಿರುವುದರಿಂದಲ್ಲ. ಆನೆಯ ಬಗ್ಗೆ ಗದ್ಯ ಇದ್ದರೆ ಮಗು ತನ್ನ ಆನೆಜ್ಞಾನದಿಂದ ಉತ್ತರಿಸಿಬಿಡುತ್ತದೆ. ದಿನಕ್ಕೊಂದು ಗದ್ಯ ಓದಿಸಿ, ಪ್ರತಿ ಉತ್ತರಕ್ಕೂ ‘ಯಾವ ಸಾಲಿನಲ್ಲಿದೆ, ತೋರಿಸು’ ಎನ್ನಿ. ಬೆರಳು ತೋರಿಸಲಾಗದಿದ್ದರೆ ಅದು ಊಹೆ.

ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಇಪ್ಪತ್ತು ನಿಮಿಷ ಚಿತ್ರ, ಹದಿನೈದು ಲೆಕ್ಕ, ಹತ್ತು ಗದ್ಯ. ಪರೀಕ್ಷೆಗೆ ಎರಡು ತಿಂಗಳು ಇರುವಾಗಿನಿಂದ ವಾರಕ್ಕೊಂದು ಪೂರ್ಣ ಪತ್ರಿಕೆಯನ್ನು ಭಾನುವಾರ ಹನ್ನೊಂದೂವರೆಗೇ ಕೂರಿಸಿ ಬರೆಸಿ, ಓಎಂಆರ್ ಹಾಳೆಯ (ವೃತ್ತ ತುಂಬುವ ಉತ್ತರ ಹಾಳೆ) ಜೆರಾಕ್ಸ್ ಮೇಲೆ, ಬಾಲ್‌ಪೆನ್ನಿನಲ್ಲಿ. ಬಾಲ್‌ಪೆನ್ನಿನಲ್ಲಿ ತುಂಬಿದ ವೃತ್ತ ಅಳಿಸಲಾಗದು ಎಂಬುದು ಕೈಗೆ ಗೊತ್ತಾಗಬೇಕು. ಮಗು 17ನೇ ಪ್ರಶ್ನೆ ಬಿಟ್ಟು 18ರ ಉತ್ತರವನ್ನು 17ರ ಸಾಲಿನಲ್ಲಿ ತುಂಬಿತು ಎಂದರೆ ಅಲ್ಲಿಂದಾಚೆ ಎಲ್ಲವೂ ಒಂದೊಂದು ಸಾಲು ಜರುಗುತ್ತದೆ. ಐದು ಪ್ರಶ್ನೆಗೊಮ್ಮೆ ಪ್ರಶ್ನೆಯ ಸಂಖ್ಯೆಗೂ ಸಾಲಿನ ಸಂಖ್ಯೆಗೂ ತಾಳೆ ನೋಡುವುದು ಅಭ್ಯಾಸವಾಗಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಕೊನೆಯ ಐದು ನಿಮಿಷದಲ್ಲಿ ಖಾಲಿ ಉಳಿದದ್ದೆಲ್ಲ ತುಂಬಲೇಬೇಕು.

ಸೀಟು ಸಿಕ್ಕರೆ ಏನು ಎಂಬುದನ್ನೂ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಹನ್ನೆರಡನೇ ತರಗತಿಯವರೆಗೆ ವಸತಿ, ಊಟ, ಪುಸ್ತಕ, ಸಮವಸ್ತ್ರ ಉಚಿತ. 9ರಿಂದ 12ರವರೆಗೆ ತಿಂಗಳಿಗೆ 600 ರೂಪಾಯಿ ವಿದ್ಯಾಲಯ ವಿಕಾಸ ನಿಧಿ ಇದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಆದರೆ ಒಂಬತ್ತನೇ ತರಗತಿಯಲ್ಲಿ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಪ್ರದೇಶದ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯ ಮಕ್ಕಳು ಇಲ್ಲಿಗೆ ಬರುತ್ತಾರೆ. ಇದಕ್ಕೆ ಒಪ್ಪಿಗೆ ಎಂದು ದಾಖಲಾತಿಯ ವೇಳೆಯೇ ಬರೆದುಕೊಡಬೇಕು. ಸೇರಿಸಿದ ಮೇಲೆ ‘ಹೆಣ್ಣುಮಗು, ಅಷ್ಟು ದೂರ ಕಳಿಸಲ್ಲ’ ಎಂದು ಅಜ್ಜಿ ಹಟ ಹಿಡಿದರೆ ಕಷ್ಟ.

ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಆದರ್ಶ ವಿದ್ಯಾಲಯಗಳಿಗೂ ಆರನೇ ತರಗತಿಗೆ ಬೇರೆ ಪ್ರವೇಶ ಪರೀಕ್ಷೆಗಳಿವೆ. ಆ ಅರ್ಜಿಗಳನ್ನೂ ಹಾಕಿ. ನವೋದಯದ ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ, ಸೇರದವರ ಜಾಗಕ್ಕೆ ಮುಂದಿನ ಪಟ್ಟಿ ಬರುವುದುಂಟು. ಎಂಟನೇ ತರಗತಿಯಲ್ಲಿ ಓದುವಾಗ, ಒಂಬತ್ತರಲ್ಲಿ ಖಾಲಿ ಬಿದ್ದ ಸೀಟಿಗೆ ಇನ್ನೊಂದು ಪರೀಕ್ಷೆ ಇದೆ. ಅದರಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್, ಹಿಂದಿ.

ಈ ವಾರದಲ್ಲೇ ಮಾಡಬಹುದಾದ ಕೆಲಸ ಎಂದರೆ ಆಧಾರ್ ಕಾರ್ಡು, ಜನನ ಪ್ರಮಾಣಪತ್ರ ಮತ್ತು ಶಾಲೆಯ ದಾಖಲಾತಿ ಪುಸ್ತಕ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ, ತಂದೆಯ ಇನಿಷಿಯಲ್, ಹುಟ್ಟಿದ ದಿನ ಒಂದೇ ಇದೆಯೇ ಎಂದು ನೋಡುವುದು. ಕಾನ್ವೆಂಟಿನಿಂದ ಬಂದ ಟಿಸಿಯಲ್ಲಿ ಒಂದು ಸ್ಪೆಲಿಂಗು, ಆಧಾರ್‌ನಲ್ಲಿ ಇನ್ನೊಂದು ಇರುವುದು ಮಾಮೂಲು. ಶಾಲೆಯ ಕಡೆ ತಪ್ಪಿದ್ದರೆ ಮುಖ್ಯ ಶಿಕ್ಷಕರ ಮೂಲಕ ಬಿಇಒ ಕಚೇರಿಗೆ, ಆಧಾರ್‌ನಲ್ಲಿದ್ದರೆ ಆಧಾರ್ ಕೇಂದ್ರಕ್ಕೆ ಈಗಲೇ ಅರ್ಜಿ ಕೊಡಿ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಎರಡೂ ಕಡೆ ಸಾಲು ಉದ್ದವಿರುತ್ತದೆ.